ಕೆರೆ ನೀರು ಕುಡಿದ ವ್ಯಾನು

ಪಿರಿಯಾಪಟ್ಟಣದ ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿ ತಿದ್ದುಪಡಿ, ಪೌತಿ ಖಾತೆ, ಪಿಂಚಣಿ, ಇಪ್ಪತ್ತೆರಡು ವರ್ಷದಿಂದ ಇವೇ. ಸಿಟ್ಟಿನಿಂದ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಹಳ ಜನರ ಸಿಟ್ಟು ಮೊದಲ ಪುಟ ಮುಗಿಯುವುದರೊಳಗೆ ಅಳುವಾಗಿಬಿಡುತ್ತದೆ. ಹಾರನಹಳ್ಳಿಯ ಸುಕನ್ಯ ಹನ್ನೊಂದು ಪುಟ ಬರೆಸಿದಳು, ಒಮ್ಮೆಯೂ ಕಣ್ಣು ಒರೆಸಿಕೊಳ್ಳಲಿಲ್ಲ.

“ನಾನು ಯೋಳ್ದಂಗೇ ಬರೀರಿ ಅಣ್ಣ. ಮೆತ್ತಗೆ ಮಾಡ್ಬ್ಯಾಡಿ,” ಎಂದಳು. ನಾನು ‘ದಯಮಾಡಿ’ ಎಂದು ಬರೆದ ಕಡೆಯೆಲ್ಲ ಬೆರಳಿಟ್ಟು ಹೊಡೆದುಹಾಕಿಸಿದಳು.

ಸುಕನ್ಯ ಅಡುಗೆಯವಳು. ನಾಮಕರಣ, ಆರತಿ, ಬೀಗರ ಊಟ, ಮುನ್ನೂರು ಎಲೆಯ ತನಕ ಒಬ್ಬಳೇ ನಿಭಾಯಿಸುತ್ತಾಳೆ. ನಮ್ಮ ಕಡೆ ಬೀಗರ ಊಟದ ಬಾಡಿನ ಅಡುಗೆ ಗಂಡಸರದು ಎಂಬ ಮಾತಿದೆ. ಅವಳ ಬೋಟಿ ಗೊಜ್ಜು ತಿಂದವರು ಆ ಮಾತನ್ನು ಮತ್ತೆ ಆಡುವುದಿಲ್ಲ. ಮೊದಲು ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಬೇಳೆ ಕಡಿಮೆ ಅಳೆದುಕೊಟ್ಟು ಪುಸ್ತಕದಲ್ಲಿ ಪೂರ್ತಿ ಬರೆ ಎಂದವರ ಮುಂದೆ ಸೌಟು ಇಟ್ಟು ಎದ್ದುಬಂದಳು. ಗಂಡ ಶಂಕರ್ ಹಿಟ್ಟಿನ ಗಿರಣಿಯಲ್ಲಿದ್ದಾನೆ, ಮೆದು ಮಾತಿನವನು. ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಿದವರು ಮಾವ ಅಂಕಯ್ಯ. ಒಂದು ಕಾಲಕ್ಕೆ ಟ್ರ್ಯಾಕ್ಟರ್ ಡ್ರೈವರ್ ಆಗಿದ್ದ ಆ ಮುದುಕರು, ಸೊಸೆ ಪಾತ್ರೆ ಸಾಗಿಸಲು ಆಟೋದವರನ್ನು ಕಾಯುವುದು ನೋಡಲಾರದೆ, ಕಣದಲ್ಲಿ ಸುತ್ತು ಹೊಡೆಸಿ ಕಲಿಸಿದರು.

ಹದಿನಾರು ವರ್ಷ ಹಳೆಯದೊಂದು ನೀಲಿ ವ್ಯಾನು ಇತ್ತು. ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಬೇಕಿತ್ತು, ತಳ ತುಕ್ಕು ಹಿಡಿದು ಕೂತ ಕಡೆಯಿಂದಲೇ ರಸ್ತೆ ಕಾಣುತ್ತಿತ್ತು. ಆದರೂ ಹತ್ತು ವರ್ಷದಲ್ಲಿ ಒಂದು ದಿನವೂ ಅವಳ ಅಡುಗೆಯನ್ನು ದಾರಿಯಲ್ಲಿ ನಿಲ್ಲಿಸಿರಲಿಲ್ಲ. ಅದನ್ನು ಬದಲಾಯಿಸಬೇಕೆಂದು ಶಂಕರ್ ಜೊತೆ ಹುಣಸೂರಿಗೆ ಹೋಗಿ ಇಬ್ಬರು ಬ್ರೋಕರ್‌ಗಳನ್ನು ನೋಡಿದಳು. ಇಬ್ಬರೂ ಅವಳ ಪ್ರಶ್ನೆಗೆ ಶಂಕರ್ ಮುಖ ನೋಡಿ ಉತ್ತರ ಹೇಳಿದರು. ಗೇರ್ ಹೇಗಿದೆ ಎಂದು ಅವಳು ಕೇಳಿದರೆ, “ನಿಮ್ ಮನೆಯೋರ್ಗೆ ಗೊತ್ತಾಯ್ತದೆ ಬುಡಿ ಅಕ್ಕ,” ಎಂದನಂತೆ ಒಬ್ಬ. ಶಂಕರ್‌ಗೆ ಸೈಕಲ್ ಬಿಟ್ಟರೆ ಬೇರೆ ಓಡಿಸಲು ಬಾರದು.

ಅದೇ ಸಿಟ್ಟಿನಲ್ಲಿ ಅವಳು ಫೋನಿನಲ್ಲಿ ಹಳೇ ಗಾಡಿ ಮಾರುವ ಕಂಪನಿಯೊಂದರ ಆ್ಯಪ್ ಹಾಕಿಸಿಕೊಂಡಳು. ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ಹಳೇ ವ್ಯಾನು ಅವರಿಗೆ, ಅವರ ವ್ಯಾನು ನಮಗೆ, ಮೇಲಿನ ಹಣಕ್ಕೆ ಕಂತು. ಎಲ್ಲವೂ ಕೂತಲ್ಲೇ. “ಫೋನು ನನ್ನನ್ನೇ ಮಾತಾಡಿಸ್ತು ಅಣ್ಣ,” ಎಂದಳು. “ನಿಮ್ ಯಜಮಾನ್ರು ಎಲ್ಲಿ ಅಂತ ಕೇಳ್ಲಿಲ್ಲ. ಅದಕ್ಕೇ ನಂಬ್ದೆ.”

ಅವರ ಕಡೆಯವನೊಬ್ಬ ಹಾರನಹಳ್ಳಿಗೆ ಬಂದು ನೀಲಿ ವ್ಯಾನಿನ ಸುತ್ತ ಫೋಟೋ ಹೊಡೆದುಕೊಂಡು ಹೋದ. ಇವಳು ಆರಿಸಿದ ಬಿಳಿ ವ್ಯಾನಿನ ಫೋಟೋಗಳು ಫೋನಿನಲ್ಲಿ ಫಳಫಳ ಎನ್ನುತ್ತಿದ್ದವು. ಜೊತೆಗೆ ಇನ್ನೂರು ಅಂಶಗಳ ಪರೀಕ್ಷಾ ವರದಿ. ಅದರಲ್ಲಿ ಒಂದು ಸಾಲು: ನೀರಿನಿಂದ ಹಾನಿ, ಇಲ್ಲ. ಗಾಡಿ ಕೈಗೆ ಬಂದ ಏಳು ದಿನದೊಳಗೆ ಇಷ್ಟವಾಗದಿದ್ದರೆ ಪ್ರಶ್ನೆ ಕೇಳದೆ ವಾಪಸ್ ಎಂಬ ಭರವಸೆ ಬೇರೆ. ಹತ್ತನೇ ದಿನಕ್ಕೆ ಲಾರಿ ಬಂತು. ಬಿಳಿ ವ್ಯಾನನ್ನು ಇಳಿಸಿ, ನೀಲಿ ವ್ಯಾನನ್ನು ಏರಿಸಿ, ಫೋನಿನ ಗಾಜಿನ ಮೇಲೆ ಬೆರಳಲ್ಲಿ ಸಹಿ ಮಾಡಿಸಿಕೊಂಡು ಹೋಯಿತು.

ಅತ್ತೆ ಚಿಕ್ಕಸಿದ್ದಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅಂಕಯ್ಯ ಸುತ್ತ ಒಂದು ಸಲ ನಡೆದು, “ಯಾರ ಕೈಲಿದ್ದ ಗಾಡಿ ಕಣವ್ವ?” ಎಂದರು.

“ಕಂಪ್ನಿದು ಮಾವ.”

“ಕಂಪ್ನಿ ಓಡ್ಸಿದ್ದಾ?”

ಹೊಸ ಗಾಡಿಯ ಖುಷಿಯಲ್ಲಿ ಮಾವನ ಮಾತು ಅವಳಿಗೆ ಕೊಂಕಿನಂತೆ ಕೇಳಿಸಿತು.

ಅಡುಗೆಯವಳ ಮೂಗು ಎರಡನೇ ದಿನವೇ ಪತ್ತೆ ಹಚ್ಚಿತು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಹಳಸಿದ ಕೆಸರಿನ ವಾಸನೆ. ಶಂಕರ್ ಸೆಂಟು ಹೊಡೆದ. ಮೂರನೇ ದಿನ ಹೆಡ್‌ಲೈಟು ತಾನೇ ಹೊತ್ತಿ ತಾನೇ ಆರಿತು. ನಾಲ್ಕನೇ ದಿನ ಆ್ಯಪ್‌ನಲ್ಲಿ ಬರೆದಳು: ಈ ಗಾಡಿ ಬೇಡ, ನಮ್ಮದು ನಮಗೆ ಕೊಡಿ. ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಎಂದು ಉತ್ತರ ಬಂತು. ಮತ್ತೆ ಬರೆದಳು. ಮತ್ತೆ ಅದೇ ಉತ್ತರ, ಅದೇ ಅಕ್ಷರ. ನಂಬರಿಗೆ ಫೋನ್ ಮಾಡಿದರೆ ಹಿಂದಿ. ಕನ್ನಡ ಬೇಕು ಎಂದರೆ ಹಾಡು. ಹಾಡು ಮುಗಿಯುವಷ್ಟರಲ್ಲಿ ಲೈನ್ ಕಟ್. ಆರನೇ ದಿನ ಯಾರೋ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿ, ಪರೀಕ್ಷೆ ಮಾಡುವವರು ಎರಡು ದಿನದಲ್ಲಿ ಬರುತ್ತಾರೆ, ಚಿಂತೆ ಮಾಡಬೇಡಿ ಎಂದಳು.

ಎಂಟನೇ ದಿನ ಒಬ್ಬ ಬಂದ. ಬಾಗಿಲು ತೆಗೆದು ಮೂಸಿದ, ಮುಖ ಸಿಂಡರಿಸಿದ. ಆಮೇಲೆ ಫೋನ್ ನೋಡಿಕೊಂಡು, “ಮೇಡಂ, ನಿಮ್ದು ಏಳು ದಿನ ನಿನ್ನೇಗೇ ಮುಗ್ದೋಗಿದೆ. ವಾಪಸ್ ತಗೊಳ್ಳೋಕೆ ಆಪ್ಶನ್ನೇ ಬರ್ತಿಲ್ಲ,” ಎಂದ.

“ನಾನು ನಾಕನೇ ದಿನಕ್ಕೇ ಬರ್ದಿವ್ನಿ. ಎಂಟನೇ ದಿನ ಬಂದೋನು ನೀನು. ಮುಗ್ದಿದ್ದು ನಂದಾ, ನಿಂದಾ?”

“ಸಿಸ್ಟಮ್ಮು ಮೇಡಂ.”

“ಯಾವನವನು ಸಿಸ್ಟಮ್ಮು? ಅವನನ್ನ ಕರ್ಕೊಂಡ್ ಬಾ ಓಗು!”

ಅವನು ಹೋದ. ಯಾರೂ ಬರಲಿಲ್ಲ.

ಅದಾಗಿ ಮೂರು ದಿನಕ್ಕೆ ಬಿಳಿಕೆರೆಯ ಶಿವನಂಜಪ್ಪನವರ ಮನೆಯ ಬೀಗರ ಊಟ. ತಿಂಗಳ ಹಿಂದೆಯೇ ಒಪ್ಪಿಕೊಂಡದ್ದು. ಅವರ ಮನೆ ಹೆದ್ದಾರಿಗೆ ಅಂಟಿಕೊಂಡಿದ್ದು ಒಲೆ ಹೂಡಲು ಜಾಗವಿಲ್ಲದ್ದರಿಂದ ಹಾರನಹಳ್ಳಿಯಲ್ಲೇ ಬೇಯಿಸಿ ತರುವುದೆಂದು ಮಾತಾಗಿತ್ತು. ಬೆಳಗಿನ ಜಾವ ಒಲೆ ಹಚ್ಚಿ, ಬಾಡಿನ ಸಾರು, ಕೈಮದ ಉಂಡೆ, ಬೋಟಿ ಗೊಜ್ಜು ಎಲ್ಲ ಮುಗಿಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಹನ್ನೊಂದಕ್ಕೆ ಹೊರಟಳು. ವ್ಯಾನಿನಲ್ಲಿ ಶಂಕರ್, ಬಡಿಸುವ ಇಬ್ಬರು ಹೆಂಗಸರು. ಹುಣಸೂರು ದಾಟಿ ಐದಾರು ಮೈಲಿ ಹೋದ ಮೇಲೆ ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು, ಎಂಜಿನ್ ನಿಂತಿತು. ಸುಟ್ಟ ವೈರಿನ ಹೊಗೆ ಕಾಲಡಿಯಿಂದ ಎದ್ದಿತು.

ಇನ್ನೂ ಸುಡುತ್ತಿದ್ದ ಪಾತ್ರೆಗಳನ್ನು ನಾಲ್ವರೂ ಸೀರೆ ಸೆರಗು, ಟವೆಲ್ಲು ಸುತ್ತಿ ರಸ್ತೆಗಿಳಿಸಿದರು. ಸಾರು ಚೆಲ್ಲಿ ಸುಕನ್ಯಳ ಎಡಗೈ ಮೊಣಕೈವರೆಗೂ ಬೆಂದಿತು. ಗೂಡ್ಸ್ ಆಟೋ ಸಿಕ್ಕಿ ಬಿಳಿಕೆರೆ ಸೇರುವಾಗ ಮೂರು ಗಂಟೆ ಮೀರಿತ್ತು. ಶಾಮಿಯಾನದ ಕೆಳಗೆ ಎಲೆ ಹಾಸಿದ್ದು ಹಾಗೇ ಇತ್ತು. ಗಂಡಿನ ಕಡೆಯವರು ಎರಡು ಗಂಟೆ ಕಾದು, ಕೈ ತೊಳೆಯದೆ ಎದ್ದು ಹೋಗಿದ್ದರು.

ಶಿವನಂಜಪ್ಪ ಪಾತ್ರೆ ಇಳಿಸಲು ಬಿಡಲಿಲ್ಲ. “ತಗೊಂಡೋಗಮ್ಮ. ಯಾರಿಗುಣ್ಣಾಕ್ ಇಕ್ಲಿ ಇದನ್ನ? ನನ್ ಮರ್ವಾದೆ ರಸ್ತೇಲಿ ಬಿದ್ದೋಯ್ತು.”

“ಗಾಡಿ ಕೆಟ್ಟೋಯ್ತು ಯಜಮಾನ್ರೇ...”

“ನಿನ್ ಗಾಡಿ ಕತೆ ಕಟ್ಕೊಂಡು ನಂಗೇನಾಗ್ಬೇಕು?”

ಬದುಕಿನಲ್ಲಿ ಮೊದಲ ಬಾರಿಗೆ ಅವಳು ಎದುರು ಮಾತಾಡಲಿಲ್ಲವಂತೆ.

ಮಾರನೇ ದಿನ ಕೈಗೆ ಮುಲಾಮು ಹಚ್ಚಿಕೊಂಡು, ವ್ಯಾನನ್ನು ಮನೆ ಮುಂದೆ ಎಳೆಸಿ ತಂದು, ಸೀಟುಗಳನ್ನು ಬಿಚ್ಚಿದಳು. ಶಂಕರ್ “ಬುಡು ಸುಕನ್ಯ, ಮೆಕ್ಯಾನಿಕ್ ನೋಡ್ಲಿ,” ಎಂದರೆ ಕೇಳಲಿಲ್ಲ. ನೆಲಕ್ಕೆ ಅಂಟಿಸಿದ್ದ ಹಾಸನ್ನು ಚಾಕುವಿನಿಂದ ಎಬ್ಬಿಸಿದಳು. ಕೆಳಗೆ ಒಂದು ಬೆರಳು ದಪ್ಪ ಒಣಗಿದ ಮೆಕ್ಕಲು ಮಣ್ಣು. ಅದರಲ್ಲಿ ಬತ್ತದ ಹೊಟ್ಟು, ಎರಡು ಸತ್ತ ಬಸವನಹುಳು, ಮತ್ತು ಮಣ್ಣಿಗೆ ಮೆತ್ತಿಕೊಂಡ ಒಂದು ಗ್ಯಾರೇಜಿನ ಬಿಲ್ಲು. ಎಚ್.ಡಿ. ಕೋಟೆಯದು. ಹೆಸರು, ಕನಕರಾಜು.

ಬಸ್ ಹಿಡಿದು ಹೋದಳು. ಗ್ಯಾರೇಜಿನವರು ಊರು ಹೇಳಿದರು. ಕೋಟೆಯಿಂದ ಎಂಟು ಮೈಲಿಯಾಚೆ ಕೆರೆ ಪಕ್ಕದ ಹಳ್ಳಿ. ಕನಕರಾಜು ಬಾಳೆಕಾಯಿ ವ್ಯಾಪಾರದವನು, ಅಂಗಳದಲ್ಲಿ ಗೊನೆ ಕಡಿಯುತ್ತಿದ್ದ. ಇವಳು ಹೆಸರು ಕೂಡ ಹೇಳದೆ ಶುರು ಮಾಡಿದಳು.

“ಮುಳುಗ್ದ ಗಾಡೀನ ಮಾರಿ ಇಲ್ಲಿ ತಣ್ಣಗೆ ಕೂತಿದ್ದೀಯಾ? ನಿಂಗೆ ಹೆಣ್ಮಕ್ಕಳ ಶಾಪ ತಟ್ಟಾಕಿಲ್ವಾ?”

ಅವನು ಕತ್ತಿ ಕೆಳಗಿಟ್ಟ. ಅವಳ ಸುಟ್ಟ ಕೈ ನೋಡಿದ. “ಅಕ್ಕ, ಕೂತ್ಕೊಳ್ಳಿ. ನಾನು ಮುಚ್ಚಿಟ್ಟು ಮಾರ್ಲಿಲ್ಲ ಕಣಕ್ಕ.”

ಕೆರೆ ಏರಿ ಒಡೆದು ಊರಿಗೆ ನೀರು ನುಗ್ಗಿದಾಗ ವ್ಯಾನು ಮೂರು ದಿನ ನೀರಲ್ಲಿತ್ತು. ಅದೇ ಕಂಪನಿಗೆ ಮಾರುವಾಗ ಆ್ಯಪ್‌ನಲ್ಲಿ ಕೇಳಿದ ಪ್ರಶ್ನೆಗೆ ಅವನು ಇದ್ದದ್ದನ್ನೇ ತುಂಬಿದ್ದ. ನೀರಲ್ಲಿ ಮುಳುಗಿತ್ತು, ಹೌದು. ಫೋಟೋನೂ ಕಳಿಸಿದ್ದ. ಅದನ್ನೇ ನೆಪ ಮಾಡಿ ಅವರು ಬೆಲೆ ಅರ್ಧಕ್ಕಿಳಿಸಿದ್ದರು. ಫೋನ್ ತೆಗೆದು ತೋರಿಸಿದ. ಕಂದು ನೀರಿನ ಮೇಲೆ ಬಿಳಿ ಟಾಪು, ಅದರ ಮೇಲೆ ಕೂತ ಎರಡು ಕೋಳಿ.

ಅಲ್ಲಿಯ ತನಕ ಅವಳ ಸಿಟ್ಟಿಗೆ ಒಂದು ಮುಖ ಬೇಕಿತ್ತು, ಅದು ಈ ಮನುಷ್ಯನದ್ದು ಎಂದುಕೊಂಡು ಬಂದಿದ್ದಳು. ಈಗ ಗೊತ್ತಾಯಿತು. ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ‘ಇಲ್ಲ’ ಎಂದು ಬರೆದಿದ್ದರು.

“ಅದನ್ನ ನಂಗೆ ಕಳ್ಸಿ. ಕಾಗ್ದದ ಮ್ಯಾಲೆ ಬರ್ದು ಸಹಿ ಹಾಕಿ ಕೊಡಿ.”

ಕನಕರಾಜು ಹಿಂದೇಟು ಹಾಕಿದ. “ಕೋರ್ಟು ಕಚೇರಿ ನಂಗ್ಯಾಕಕ್ಕ? ದೊಡ್ಡ ಕಂಪ್ನಿ. ನಾಳೆ ನನ್ ಮ್ಯಾಲೇ ಕೇಸ್ ಹಾಕುದ್ರೆ?”

ಒಳಗಿಂದ ಅವನ ಹೆಂಡತಿ ಬೃಂದಾ ನೀರಿನ ಚೊಂಬು ಹಿಡಿದು ಬಂದಳು. “ರೀ, ದಿಟ ಬರ್ದಿದ್ದೋರು ನೀವು. ದಿಟ ಬರ್ದೋರೇ ಎದ್ರುಕೊಂಡ್ರೆ ಸುಳ್ ಬರ್ದೋರು ಯಾರಿಗ್ ಎದ್ರುತಾರೆ? ಕೊಡಿ ಆವಕ್ಕಂಗೆ,” ಎಂದಳು. ಅವನು ಕೊಟ್ಟ.

ಆ ಕಾಗದ, ಫೋಟೋ, ನಾಲ್ಕನೇ ದಿನದಿಂದ ಕಳಿಸಿದ್ದ ಸಂದೇಶಗಳ ಪ್ರತಿ ಹಿಡಿದು ಸುಕನ್ಯ ನನ್ನ ಮೇಜಿಗೆ ಬಂದದ್ದು. ಮೈಸೂರಿನ ಗ್ರಾಹಕರ ಆಯೋಗಕ್ಕೆ ದೂರು ಬರೆದೆವು. ವಕೀಲರನ್ನು ಇಡಲಿಲ್ಲ, ತಾನೇ ನಿಂತು ಹೇಳುತ್ತೇನೆ ಎಂದಳು. ಮೊದಲ ಎರಡು ದಿನಾಂಕಕ್ಕೆ ಕಂಪನಿ ಕಡೆಯವರು ಬರಲೇ ಇಲ್ಲ. ಮೂರನೆಯದಕ್ಕೆ ಬಂದ ವಕೀಲ ಕಾಲಾವಕಾಶ ಕೇಳಿದ. ಪ್ರತಿ ಸಲ ಅವಳು ಒಂದು ದಿನದ ಕೆಲಸ ಬಿಟ್ಟು, ಬಸ್ಸಿನಲ್ಲಿ ನಿಂತು ಹೋಗಿ ಬರುತ್ತಿದ್ದಳು. ನಾಲ್ಕನೇ ಸಲ ನಾನೂ ಜೊತೆಗಿದ್ದೆ. ವರಾಂಡದಲ್ಲಿ ಆ ವಕೀಲ ಮರ್ಯಾದೆಯಿಂದಲೇ ಒಂದು ಕಾಗದ ಚಾಚಿದ. ಗಾಡಿ ವಾಪಸ್ ತೆಗೆದುಕೊಳ್ಳುತ್ತೇವೆ, ಕಂತು ರದ್ದು. ಆದರೆ ಈ ವಿಷಯ ಎಲ್ಲೂ, ಯಾರ ಹತ್ತಿರವೂ ಮಾತಾಡುವಂತಿಲ್ಲ. ನಾನು ಓದಿ ಹೇಳಿದೆ.

“ಇದು ಮಾಮೂಲಿ ಷರತ್ತು ಮೇಡಂ,” ಎಂದ.

ಅವಳ ದನಿ ಇಡೀ ವರಾಂಡಕ್ಕೆ ಕೇಳಿಸಿತು. “ಬಿಳಿಕೆರೇಲಿ ಬೀಗ್ರು ಉಣ್ದೆ ಎದ್ದೋಗಿದ್ದನ್ನ ನಾಕು ತಾಲ್ಲೂಕು ಮಾತಾಡ್ತು. ಸುಕನ್ಯನ ಅಡ್ಗೆ ನಂಬ್ಬ್ಯಾಡಿ ಅಂತ ಮಾತಾಡ್ತು. ಈಗ ನಾನೊಬ್ಳು ಬಾಯ್ ಮುಚ್ಕೋಬೇಕಾ? ನಿಮ್ ಕಂಪ್ನಿಯೋರ್ಗೆ ಯೋಳಿ, ನನ್ ಬಾಯಿ ಮಾರಾಕಿಲ್ಲ.”

“ಯೋಚ್ನೆ ಮಾಡು ತಾಯಿ, ಒಪ್ಕೊಂಡ್ರೆ ಇವತ್ತೇ ಮುಗಿಯುತ್ತೆ,” ಎಂದವನು ನಾನೇ. ಅವಳು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಕನಕರಾಜು ಹೇಳಿದ ಮಾತಿಗೆ ನಿಂತು ಮೈಸೂರಿಗೆ ಬಂದು ಹೇಳಿಕೆ ಕೊಟ್ಟ. ಆದೇಶ ಅವಳ ಪರವಾಗಿ ಆಯಿತು. ಗಾಡಿ ಹಿಂದಕ್ಕೆ, ಕಟ್ಟಿದ್ದೆಲ್ಲ ವಾಪಸ್, ಪರಿಹಾರ ಬೇರೆ. ನೀಲಿ ವ್ಯಾನು ಮಾತ್ರ ಬರಲಿಲ್ಲ. ಅದನ್ನು ಅವರು ಮುರಿದು ಬಿಡಿಭಾಗಗಳಾಗಿ ಮಾರಿಬಿಟ್ಟಿದ್ದರು. ಅದನ್ನು ಕೇಳಿದ ದಿನ ಗೆದ್ದ ಸಂತೋಷವೆಲ್ಲ ಅವಳ ಮುಖದಿಂದ ಇಳಿದುಹೋಯಿತು.

ಒಂದು ಕೆಲಸ ಉಳಿದಿದೆ ಎಂದು ಅವಳು ನನ್ನನ್ನು ಬಿಳಿಕೆರೆಗೆ ಕರೆದೊಯ್ದಳು. ಶಿವನಂಜಪ್ಪನವರ ಜಗುಲಿಯಲ್ಲಿ ಆದೇಶವನ್ನು ನಾನು ಓದಿದೆ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ನೀವು ಓದಿದ್ದು ಸರಿ ಸ್ವಾಮಿ. ಆದ್ರೆ ನನ್ ಮಗಳಿಗೆ ಅವಳ ಅತ್ತೆ ಮನೇಲಿ ಇವತ್ತಿಗೂ ಆ ಮಾತ್ ಎತ್ತಿ ಆಡ್ತಾರೆ. ಈ ಕಾಗ್ದ ಅವ್ರಿಗೆ ಓದಿದ್ರೆ ನಿಂತೋಯ್ತದಾ?”

ಸುಕನ್ಯ ಚೀಲದಿಂದ ಇನ್ನೊಂದು ಪ್ರತಿ ತೆಗೆದಳು. “ನಿಲ್ಲಾಕಿಲ್ಲ ಯಜಮಾನ್ರೇ. ಆದ್ರೂ ಒಂದ್ ಪ್ರತಿ ಇಟ್ಕೊಳ್ಳಿ. ತಪ್ಪು ಯಾರ್ದು ಅಂತ ನಿಮ್ ಮಗಳಿಗಾದ್ರೂ ಗೊತ್ತಿರ್ಲಿ,” ಎಂದು ಜಗುಲಿ ಮೇಲೆ ಇಟ್ಟು ಎದ್ದಳು. ಅವರು ಬೇಡ ಎನ್ನಲಿಲ್ಲ, ಕೂತು ಕಾಫಿ ಕುಡಿ ಎಂದೂ ಅನ್ನಲಿಲ್ಲ.

ಬಸ್ಸು ಹುಣಸೂರು ದಾಟುವಾಗ ಎಂದಳು: “ಅವ್ರ ಸಿಟ್ಟು ನ್ಯಾಯವಾಗೈತೆ ಅಣ್ಣ. ನಂದೂ ನ್ಯಾಯವಾಗೈತೆ. ಸುಳ್ ಬರ್ದೋನು ಎಲ್ಲವ್ನೆ, ಅವನ ಮುಖ ಎಂಗೈತೆ, ಅದು ಮಾತ್ರ ನಮ್ಮಿಬ್ರಿಗೂ ಗೊತ್ತಾಗ್ಲಿಲ್ಲ ನೋಡಿ.”

ಶಿವನಂಜಪ್ಪ ಆಮೇಲೂ ಅವಳನ್ನು ಅಡುಗೆಗೆ ಕರೆಯಲಿಲ್ಲ. ಬೇರೆಯವರು ಮೆಲ್ಲಗೆ ಕರೆಯತೊಡಗಿದ್ದಾರೆ. ಈಗ ಅವಳ ಹತ್ತಿರ ಗಾಡಿಯಿಲ್ಲ. ಪಾತ್ರೆಗಳನ್ನು ಬಾಡಿಗೆ ಆಟೋಗೆ ಏರಿಸಿ, ತಾನು ಡ್ರೈವರ್ ಪಕ್ಕ ಕೂತು, ಗೇರ್ ತಪ್ಪು ಹಾಕಿದರೆ ಬೈಯುತ್ತ ಹೋಗುತ್ತಾಳೆ.