ಮಂಗರವಳ್ಳಿ ಚಟ್ನಿ, ನಾ ಮುಚ್ಚಿಟ್ಟ ಗುಳಿಗಿ

ದೊಡ್ಡವ್ವ, ನೀ ಬಿದ್ದು ಟೊಂಕದ ಎಲುಬು ಮುರಕೊಂಡಿದ್ದು ನನ್ನಿಂದ. ಬಾಯಿಲೆ ಹೇಳಲಾಕ ಹ್ವಾದ್ರ ನಾ ಮತ್ತ ಏನರ ಚಾಷ್ಟಿ ಮಾಡ್ತೇನಿ, ನೀ ನಗ್ತಿ, ಖರೇ ಮಾತು ಗಂಟಲದಾಗೇ ಉಳಿತದ — ಅದಕ್ಕ ಬರದು ತಂದೇನಿ. ಓದ್ತೇನಿ. ನಡುವ ನಗಬ್ಯಾಡ.

ಹ್ವಾದ ವರ್ಷ ನಿಮ್ಮೂರು ಡಾಬಕಾದಾಗ ನಿನ್ನ ಬಸುರಿ ಸೊಸಿ ಕುಬಸ. ಹಂದರದಾಗ ಹೆಂಗಸರೆಲ್ಲ ಟೊಂಕ, ಮೊಣಕಾಲು ಅಂತ ನಳ್ಳಾಡ್ಲತ್ತಿದ್ರು. ನೀನೂ ಅಂದಿ, "ಮುಟ್ಟು ನಿಂತ ಮ್ಯಾಗ ಎಲುಬು ಹಪ್ಪಳ ಆಗ್ಯಾವಂತ. ಬೀದರ ಡಾಕ್ಟರ್ ವಾರಕ್ಕೊಂದು ಗುಳಿಗಿ ಕೊಟ್ಟಾರ."

ನಾ ಸುಮ್ಮ ಕೂಡಾಕೇನು! ನಮ್ಮ ಭಾಲ್ಕಿ ಮನ್ಯಾಗಿನ ಆಯಿ, ಅಂದ್ರ ಅಪ್ಪನ ಅವ್ವ, ಎಲುಬು ಗಟ್ಟಿ ಆಗ್ತಾವಂತ ಮಂಗರವಳ್ಳಿ ಚಟ್ನಿ ತಿನ್ನೋ ಕಥಿ ಹಚ್ಚಿದೆ. ಬೇಲಿಮ್ಯಾಗಿನ ಆ ಚೌಕ ಬಳ್ಳಿ ಕೊಯ್ಲಾಕ ಹೋಗಿ ನಾ ಕೈ ತುರಸಿ ಎಮ್ಮಿಗತೆ ಗ್ವಾಡಿಗಿ ತಿಕ್ಕಿದ್ದು. ಹುಣಸಿ ಕಡಿಮಿ ಬಿದ್ದು, ನಾಲಿಗಿ ಕೆರದು, ಅಪ್ಪ ಎರಡು ದಿನ ಮೂಕ ಆಗಿದ್ದು — ಖರೇ ಅಂದ್ರ ಎರಡೇ ತಾಸು. "ಎಳ್ಳು ಹಾಕಿ ಅರದು ಮೂರು ತಿಂಗಳು ತಿಂದಾಳ್ರಿ, ಈಗ ಆಯಿ ಹುಣಸಿ ಗಿಡ ಹತ್ತತಾಳ!"

ಬಾಜು ಮನಿ ಕಾಶಮ್ಮ ಕೂಗಿದ್ಳು, "ಹಂಗಾರ ನಿಮ್ಮ ಆಯಿಗಿ ಮತ್ತೊಂದು ಲಗ್ನ ಮಾಡ್ರಿ!" ಹಂದರೆಲ್ಲ ನಗಿ.

ನೀ ಮಾತ್ರ ನಗಲಿಲ್ಲ. ನನ್ನ ಕೈ ಹಿಡದು ಕೇಳ್ದಿ, "ಖರೇನಾ? ಬರೇ ಚಟ್ನಿ? ಗುಳಿಗಿ ಏನೂ ಇಲ್ಲ?"

ಆಯಿ ಗುಳಿಗಿ ತಗೋತಾಳ. ಪ್ರತಿ ಸೋಮವಾರ. ಲಿಂಗಪೂಜಿ ಆಗೋತನ ಆಕಿ ಬಾಯಾಗ ಏನೂ ಹಾಕಂಗಿಲ್ಲ. ಈ ಗುಳಿಗಿಗೂ ಖಾಲಿ ಹೊಟ್ಟಿನೇ ಬೇಕು. ಅದಕ್ಕ ಪೂಜಿ ಮುಗದ ಕೂಡ್ಲೆ ವಿಭೂತಿ ಡಬ್ಬಿ ಬಾಜುಕಿಂದು ಗುಳಿಗಿ ನುಂಗಿ, ನುಂಗಿದ ಮ್ಯಾಗ ಅಡ್ಡ ಆಗಬಾರದಂತ ಅದೇ ಮಣಿಮ್ಯಾಗ ಅರ್ಧ ತಾಸು ನೆಟ್ಟಗ ಕೂಡ್ತಾಳ. ನೋಡಿದೋರು ಧ್ಯಾನ ಅಂತಾರ. ನೀರು ಕೊಡಾಕಿ ನಾನೇ.

ನಾ ಅಂದೆ, "ಏನೂ ಇಲ್ಲ ದೊಡ್ಡವ್ವ. ಬರೇ ಚಟ್ನಿ."

ಯಾಕ ಅಂದೆ — ಗುಳಿಗಿ ಅಂದಿದ್ರ ನಗಿ ಅಲ್ಲೇ ಸಾಯ್ತಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನೀ ಗುಳಿಗಿ ಬಿಟ್ಟಿ. ಪ್ರಸಾದ ತಿಂದಂಗ ದಿನಾ ಚಟ್ನಿ ತಿಂದಿ. ಮೊನ್ನಿ ಹಿಟ್ಟಿನ ಡಬ್ಬಿ ಹಿಡಕೊಂಡು ಹೊಸ್ತಿಲಾಗ ಎಡವಿದಿ — ಒಂದು ಹೊಸ್ತಿಲು, ದೊಡ್ಡವ್ವ —

ದವಾಖಾನ್ಯಾಗ ನೀ ನಮ್ಮವ್ವಗ ಹೇಳ್ಲತ್ತಿದ್ದಿ, "ಎರಡು ದಿನ ಚಟ್ನಿ ತಪ್ಪಿಸಿದ್ದೆ ನೋಡ, ನಂದೇ ತಪ್ಪು." ನಾ ಮೋಸಂಬಿ ಹಿಡಕೊಂಡು ಬಾಗಲದಾಗ ನಿಂತಿದ್ದೆ. ನನ್ನ ನೋಡಿ, "ಬಾರ ಮಳ್ಳಿ, ಒಂದು ಕಥಿ ಹೇಳು, ನೂವು ಮರೀತೇನಿ" ಅಂದಿ. ಹೇಳಿದೆ. ನೀ ನಕ್ಕಿ, ನಕ್ಕಿದ್ದಕ್ಕೇ ಟೊಂಕ ಹಿಡದು ಕಣ್ಣಾಗ ನೀರು ತಂದಿ. ಆಗೂ ನಾ ಬಾಯಿ ಬಿಡಲಿಲ್ಲ.

ಈಗೂ ಗುಳಿಗಿ ದಿಂಬಿನ ಬುಡಕ ಬಚ್ಚಿಡ್ತಿ ಅಂತ ಸೊಸಿ ಹೇಳ್ಯಾಳ. ಚಟ್ನಿ ಸಾಲಂಗಿಲ್ಲ. ಆಯಿಗೂ ಸಾಲಲಿಲ್ಲ. ಹುಣಸಿ ಗಿಡ ಹತ್ತೋದು ಎಲ್ಲಿಂದು — ಆಕಿ ಗ್ವಾಡಿ ಹಿಡದು ಬಚ್ಚಲಕ್ಕ ಹೋಗ್ತಾಳ.

ಬೈತಿಯೋ, ಎದ್ದು ಹೋಗಂತಿಯೋ, ಕುಂತಿರ್ತೇನಿ. ಇನ್ನೊಂದು ಉಳದದ. ಇನ್ನ ನೆಲಕ್ಕ ಕುಂತು ಪೂಜಿ ಮಾಡಲಾಕ ನಿನಗ ಎಂದೂ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ನಿನ್ನ ಮುಂದ ಹೇಳೋ ಧೈರ್ಯ ಯಾರಿಗೂ ಬಂದಿಲ್ಲ.

ನಾ ಹೇಳ್ಲತ್ತೇನಿ.