ಕೋಕೋ ಕಾಯಿಯ ಕಪ್ಪು ಕಲೆ

"ಕಾಯಿ ಇಲ್ಲಿ ಕೊಡು, ನೋಡುವ" ಎಂದು ಪೌಲ್ ಪೊರ್ಬುಗಳು ಹಾಸಿಗೆಯಿಂದಲೇ ಕೈ ಚಾಚಿದರು. ಹೆಂಡತಿ ಸೆವ್ರಿನ್ ಬಾಯಿ ಕೋಕೋ ಕಾಯಿಯನ್ನು ಎದೆಗೊತ್ತಿ ಹಿಡಿದರು, ಕೊಡಲಿಲ್ಲ.

ಅರವತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾನು ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಕದ್ರಿ ಗುಡ್ಡದ ಕೆಳಗಿನ ಹಿತ್ತಲಲ್ಲಿ ಪೊರ್ಬುಗಳು ಕೋಕೋ ಬೆಳೆಸಿದ್ದರು. ಬೇಸಗೆಯಲ್ಲಿ ಹನಿ ಮಳೆಯೂ ಬೀಳದಾಗ ಬಾವಿಯ ನೀರು ಹೊತ್ತು ಗಿಡ ಉಳಿಸಿಕೊಂಡಿದ್ದರು. ಆಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಕಪ್ಪಾಗಿ ಕೊಳೆತ ಕಾಯಿಗಳನ್ನು ಕೊಯ್ದು ಎಸೆಯುತ್ತ ದಿನವಿಡೀ ನೆನೆದು, ನ್ಯುಮೋನಿಯಾ ಹಿಡಿದು ನಮ್ಮ ವಾರ್ಡಿಗೆ ಸೇರಿದ್ದರು.

"ಮರದಲ್ಲಿ ಉಳಿದದ್ದೂ ಕಪ್ಪಾಗಿ ಹೋಯಿತು ಸಿಸ್ಟರ್, ಅವರಿಗೆ ಹೇಳ್ಬೇಡಿ" ಎಂದು ಸೆವ್ರಿನ್ ಬಾಯಿ ಒಳಗೆ ಬರುವ ಮೊದಲೇ ವರಾಂಡದಲ್ಲಿ ನನ್ನ ಕೈ ಹಿಡಿದಿದ್ದರು. ಇದ್ದುದರಲ್ಲಿ ಚೆಂದದ ಕಾಯಿ ಆರಿಸಿ ತಂದು, ಅದರ ಕಪ್ಪು ಕಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದರು.

"ಮರದಲ್ಲಿ ಎಲ್ಲ ಹೀಗೇ ಉಂಟು, ಅಲ್ವಾ ಸಿಸ್ಟರ್?" ಎಂದು ಈಗ ಗಂಡನ ಎದುರು ನನ್ನನ್ನು ಕೇಳಿದರು. ಕಣ್ಣಾರೆ ಕಂಡವಳ ಹಾಗೆ ನಾನು ಹೂಂ ಎಂದೆ.

ಪೊರ್ಬುಗಳು ನನ್ನನ್ನೇ ನೋಡಿದರು. ಆಮೇಲೆ ಹೆಂಡತಿಗೆ ಮೆಲ್ಲಗೆ, "ಬೆರಳು ತೆಗಿ ಸೆವ್ರಿನ್. ನನಗೆ ಗೊತ್ತುಂಟು" ಎಂದರು. ಸೆವ್ರಿನ್ ಬಾಯಿ ಬೆರಳು ತೆಗೆದು ಮಂಚದ ಅಂಚಿನಲ್ಲಿ ಕುಳಿತರು.

ಮರುದಿನ ಪೊರ್ಬುಗಳು ತೀರಿಕೊಂಡರು. ಆಮೇಲೆ ಎಷ್ಟೋ ವರ್ಷ ನರ್ಸ್ ಆಗಿಯೇ ಇದ್ದೆ. ಉಳಿಯದ ರೋಗಿಗೆ "ಗುಣವಾಗ್ತದೆ" ಎಂದು ಹೇಳಹೊರಟಾಗಲೆಲ್ಲ ಅವರ ಆ ನೋಟ ನೆನಪಾಗಿ, ಆ ಮಾತು ಬಿಟ್ಟು ಮಂಚದ ಪಕ್ಕ ಕುಳಿತುಕೊಳ್ಳುತ್ತಿದ್ದೆ.