ಕಡಲೂರಿನಲ್ಲಿ ರೊಟ್ಟಿ ಬಡಿಯುವ ಹೊತ್ತು

ಸಮುದ್ರವನ್ನು ನಾನು ಮೊದಲು ನೋಡಿದ್ದು ಮನೆ ನೋಡಲು ಹೋದಾಗ. ಹೆಣ್ಣು ನೋಡಲು ಹೋಗುವವರ ಹಾಗೆ ತಲೆ ಬಾಚಿಕೊಂಡು ಹೊರಟಿದ್ದೆವು, ಅಪ್ಪ, ಅವ್ವ, ನಾನು, ಅವ್ವನ ಕಂಕುಳಲ್ಲಿ ತಂಗಿ. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಮೊದಲ ಚಳಿಗಾಲ ಅದು. ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಹೆದರಿ ಕಲಬುರ್ಗಿ ಹತ್ತಿರದ ಕಮಲಾಪುರ ಬಿಟ್ಟು ಬಂದಿದ್ದ ನಾವು ಹುಬ್ಬಳ್ಳಿಯಲ್ಲಿ ಒಂದು ಖೋಲಿ ಹಿಡಿದಿದ್ದೆವು. ಅಪ್ಪ ದರ್ಜಿ. ಹೊಲಿಗೆ ಯಂತ್ರದ ತಲೆಯನ್ನಷ್ಟೇ ಬಿಚ್ಚಿ, ಕೌದಿಯಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ತಂದಿದ್ದ. ಅದರ ಕಾಲು ಕಮಲಾಪುರದಲ್ಲೇ ಉಳಿದಿತ್ತು.

ಅಂಕೋಲೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಜಾಗವೊಂದು ಖಾಲಿ ಇದೆ, ಅಲ್ಲಿದ್ದ ದರ್ಜಿಗೆ ಕಣ್ಣು ಮಂಜಾಗಿದೆ ಎಂದು ಅರಿವೆ ವ್ಯಾಪಾರಿಯೊಬ್ಬರು ಹೇಳಿದ್ದರು. ಅಪ್ಪನಿಗೆ ಆಗಲೇ ಮನಸ್ಸು ಹೋಗಿತ್ತು. ಹಿಂದಕ್ಕೆ ಹೋಗಿ ಸುಟ್ಟದ್ದನ್ನು, ಮುರಿದದ್ದನ್ನು ನೋಡುವುದು ಅವನಿಗೆ ಬೇಡವಾಗಿತ್ತು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ದಿನ ಹೋಗಿ ನೋಡಿಕೊಂಡು ಸಂಜೆಯ ಬಸ್ಸಿಗೆ ಬಂದುಬಿಡೋಣ ಎಂದು ಗೊತ್ತಾಯಿತು. ನಸುಕಿನಲ್ಲಿ ಬಸ್ಸು ಹತ್ತಿದೆವು. ಘಟ್ಟ ಇಳಿಯುವಾಗ ಅವ್ವನ ಮುಖ ನೋಡಿ ಅಪ್ಪ ಮಾತು ತೆಗೆದ.

“ಅಲ್ಲಿ ನೀರಿಗಿ ಬರ ಅನ್ನೂದೇ ಇಲ್ಲ ನೋಡು.”

“ಕುಡಿಯಾಕ ಬರ್ತದೇನು ಆ ನೀರು?”

“ಉಪ್ಪಿನ ಖರ್ಚರ ಉಳೀತದಲ್ಲ.”

ಅವ್ವ ನಕ್ಕಳು. ಹುಬ್ಬಳ್ಳಿಗೆ ಬಂದ ಮೇಲೆ ಅವಳು ನಕ್ಕದ್ದು ಕಡಿಮೆ. ಅಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡಿರಬೇಕು. ಬಸ್ಸಿಳಿಯುವ ತನಕ ಕಡಲೂರಿನ ಗುಣಗಾನ ಮಾಡಿದ.

ಮನೆಯೇನೋ ಚೆನ್ನಾಗಿತ್ತು. ಹೆಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಮಾಲೀಕರ ಮನೆಯ ಹಿರಿಯಮ್ಮ ಬೀಗದ ಕೈ ಅಪ್ಪನ ಕೈಗೇ ಕೊಟ್ಟು, ಸಂಜೆಯವರೆಗೆ ಇಲ್ಲೇ ಇರಿ, ಕೂತು ನೋಡಿ, ಮಲಗಿ ನೋಡಿ, ಆಮೇಲೆ ಹೇಳಿ ಅಂದರು. ಸಮುದ್ರದ ದಂಡೆಗೆ ಹೋಗಿ ಬಂದೆವು. ತಂಗಿ ಅಲೆ ಕಂಡು ಅತ್ತಳು. ನಾನು ಅಷ್ಟೊಂದು ನೀರು ಎಲ್ಲಿಗೂ ಹೋಗದೆ ಬಂದುಬಂದು ಮರಳುವುದನ್ನು ನೋಡುತ್ತ ನಿಂತೆ. ಅವ್ವ ಪಾದ ತೋಯಿಸಿಕೊಂಡು, ನೀರನ್ನು ಕಣ್ಣಿಗೊತ್ತಿಕೊಂಡು, ಬಿಸಿಲಿಗೆ ಬೆನ್ನು ಮಾಡಿ ಕೂತಳು.

ಊಟಕ್ಕೆಂದು ಅವ್ವ ಕಡಕ್ ರೊಟ್ಟಿ ಕಟ್ಟಿಕೊಂಡಿದ್ದಳು. ನಮ್ಮ ಕಡೆ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಹಪ್ಪಳದಂತೆ ಇರುತ್ತದೆ. ಗಂಟು ಬಿಚ್ಚಿ ಒಂದನ್ನು ಎತ್ತಿದರೆ ಅದು ಒದ್ದೆ ಅರಿವೆಯಂತೆ ಅವಳ ಕೈಯಲ್ಲಿ ಜೋತುಬಿತ್ತು. ಕಡಲ ಗಾಳಿ ತಿಂದಿತ್ತು. ಇದು ಹೀಗಾಗುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಾನೇ ಏನೋ ತಪ್ಪು ಮಾಡಿದ ಹಾಗೆ ಅವ್ವ ಒಂದೊಂದನ್ನೂ ಎತ್ತಿ ನೋಡಿ ಮತ್ತೆ ಮುಚ್ಚಿಟ್ಟಳು. ಹಿರಿಯಮ್ಮ ಗಂಜಿ, ಉಪ್ಪಿನಕಾಯಿ ತಂದುಕೊಟ್ಟರು. ನಾನು ಎರಡು ಸಲ ಹಾಕಿಸಿಕೊಂಡೆ.

ಹೊತ್ತು ಇಳಿಯಿತು. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಯಂತ್ರ ಎಲ್ಲಿ ಕೂಡಿಸಬೇಕು, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಗೇಣು ಹಾಕಿ ಅಳೆಯುತ್ತಿದ್ದ. ಅವ್ವ ಹೊಸ್ತಿಲಲ್ಲಿ ಕೂತು ಕಿವಿಗೊಟ್ಟಿದ್ದಳು. ಸುತ್ತಲಿನ ಮನೆಗಳಿಂದ ಹೊಗೆ ಏಳುತ್ತಿತ್ತು. ಮಂದಿ ಇದ್ದರು, ದೀಪ ಹಚ್ಚುತ್ತಿದ್ದರು. ಸಮುದ್ರ ಒಂದೇ ಸಮನೆ ಮೊರೆಯುತ್ತಿತ್ತು.

“ಸಂಜಿ ಆತ್ರೀ,” ಅಂದಳು ಅವ್ವ. “ಒಂದು ಮನ್ಯಾಗರ ರೊಟ್ಟಿ ಬಡಿಯೋ ಸಪ್ಪಳ ಅದ ಏನು?”

“ಇವರು ಅನ್ನ ಉಣ್ಣೋ ಮಂದಿ. ಅನ್ನ ಎಲ್ಲೆರ ಸಪ್ಪಳ ಮಾಡ್ತದೇನು?”

ಈ ಮಾತಿಗೆ ಅವಳು ನಗಲಿಲ್ಲ. ಯಾಕೆಂದು ಹೇಳಬೇಕು.

ಕಮಲಾಪುರದ ನಮ್ಮ ಓಣಿಯಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ಕಲ್ಲಿನ ಮೇಲೆ ಅಂಗೈ ಬೀಳುವ ಸಪ್ಪಳ. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರಿಗೆ ಮೈಯಲ್ಲಿ ಹುಷಾರಿಲ್ಲ, ಎಲ್ಲ ಅದರಿಂದಲೇ ತಿಳಿಯುತ್ತಿತ್ತು. ನಮ್ಮ ಅಡುಗೆಮನೆಗೂ ಪಕ್ಕದ ಮುಸಲ್ಮಾನರ ಮನೆಯ ಖಾಲಾಳ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಚಿಕ್ಕವ್ವನನ್ನು ಅವರು ಖಾಲಾ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಅವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ ಸುಮ್ಮನಾದರೆ, ಆಚೆಯಿಂದ ಖಾಲಾಳ ಕೈ ಶುರು. ಮಾತಿಲ್ಲದ ಮಾತುಕತೆ ಅದು, ಅವ್ವ ಮದುವೆಯಾಗಿ ಬಂದಾಗಿನಿಂದ ನಡೆದದ್ದು.

ನಾವು ಊರು ಬಿಟ್ಟ ಸಂಜೆ ನಮ್ಮ ಮನೆಯ ಮೇಲೆ ಕಣ್ಣಿಟ್ಟ ರಜಾಕಾರರು ಓಣಿಯ ತುದಿಯಲ್ಲಿದ್ದರು. ಖಾಲಾ ಹಿತ್ತಲಿನಿಂದ ಒಳಗೆ ಬಂದು, ಅವ್ವನ ಕೈಯಿಂದ ಹಿಟ್ಟಿನ ಮುದ್ದೆ ಕಸಿದುಕೊಂಡಳು. “ತುಮ್ ಜಾವ್, ನಾ ಬಡೀತೀನಿ. ಸಪ್ಪಳ ಇದ್ರ ಮನ್ಯಾಗೇ ಇದ್ದಾರ ಅಂತಾರ ಮಂದಿ.” ಹಿತ್ತಲ ಹಾದಿ ಹಿಡಿದು ನಾವು ಹೊಲ ಮುಟ್ಟುವ ತನಕ ನಮ್ಮ ಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳುತ್ತಲೇ ಇತ್ತು.

ಅಂಕೋಲೆಯ ಹೊಸ್ತಿಲಲ್ಲಿ ಅವ್ವ ಅಪ್ಪನ ಕಡೆ ನೋಡದೆ ಅಂದಳು, “ಸಾಕು, ಕೈ ತೊಳಕೋ ಅಂತ ನಾವು ಆಕೀಗಿ ಹೇಳೇ ಇಲ್ರೀ. ಹ್ಯಾಂಗ ಇಲ್ಲಿ ಬಂದು ಕೂಡಲಿ?”

ಅಪ್ಪ ಗೇಣು ಹಾಕುತ್ತಿದ್ದ ಕೈಯನ್ನು ಕಟ್ಟೆಯಿಂದ ತೆಗೆದ. ಆಮೇಲೆ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಹಿರಿಯಮ್ಮನಿಗೆ ಒಪ್ಪಿಸಿ ಬಂದ. ಬಸ್ಸಿನಲ್ಲಿ ಅವನು ಕಲಬುರ್ಗಿಯ ರೈಲಿನ ಮಾತು ತೆಗೆದ.

ಅದೇ ವಾರ ಹುಬ್ಬಳ್ಳಿಯ ಖೋಲಿ ಬಿಟ್ಟೆವು. ಕಲಬುರ್ಗಿಯಲ್ಲಿ ರೈಲಿಳಿದು ಅಲ್ಲಿನ ಬ್ರಹ್ಮಪುರ ಓಣಿಯ ಸೋದರಮಾವನ ಮನೆಗೆ ಹೋದೆವು. ಮಾವ ಅವ್ವನಿಗೆ ನೀರು ಕೊಟ್ಟು, ಕಾರ್ಯಾಚರಣೆಯ ನಂತರದ ದಿನಗಳು ಖಾಲಾಳ ಮಂದಿಗೂ ಒಳ್ಳೆಯವಾಗಿರಲಿಲ್ಲ, ಬಹಳ ಆಸೆ ಇಟ್ಟುಕೊಂಡು ಹೋಗಬೇಡ ಎಂದು ಮೆಲ್ಲಗೆ ತಿಳಿಹೇಳಿದ. ಅವ್ವ ಕೇಳಿಸಿಕೊಂಡಳು. ಆದರೂ ಮರುದಿನ ಕಮಲಾಪುರಕ್ಕೆ ಹೋದೆವು.

ನಮ್ಮ ಮನೆ ನಿಂತಿತ್ತು. ಅಪ್ಪನ ಯಂತ್ರದ ಕಾಲು ಇರಲಿಲ್ಲ. ಖಾಲಾಳ ಮನೆಗೆ ಬಾಗಿಲೇ ಇರಲಿಲ್ಲ, ಒಳಗೆ ಯಾರೋ ಆಡು ಕಟ್ಟಿದ್ದರು. ಹೈದರಾಬಾದಿಗೆ ಹೋದರು ಅಂದರು ಒಬ್ಬರು. ಎಲ್ಲಿಗೂ ಮುಟ್ಟಲಿಲ್ಲ ಅಂದರು ಇನ್ನೊಬ್ಬರು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲನ್ನು ತೊಳೆದು ಗೋಡೆಗೆ ಆನಿಸಿಟ್ಟಿತ್ತು. ನೆಲುವಿನ ಮೇಲಿನ ಗಡಿಗೆಯನ್ನು ಅಪ್ಪ ಇಳಿಸಿದ. ಒಳಗೆ ಬಟ್ಟೆ ಸುತ್ತಿದ ರೊಟ್ಟಿಗಳು. ಒಂದೆರಡರ ಅಂಚನ್ನು ಇರುವೆಗಳು ತಿಂದಿದ್ದವು, ಉಳಿದವು ಕಡಕ್ಕಾಗಿಯೇ ಇದ್ದವು. ಅವ್ವನ ರೊಟ್ಟಿಗಿಂತ ಸಣ್ಣವು, ನಡುವೆ ದಪ್ಪ. ಖಾಲಾಳ ಕೈಯೇ. ಅವ್ವ ಒಂದನ್ನು ಮುರಿದು ಮೂವರಿಗೂ ಚೂರು ಕೊಟ್ಟು, ತಾನೂ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

ಆ ಸಂಜೆ ಒಲೆ ಹೊತ್ತಿಸಿ ಅವ್ವ ಮೊದಲ ರೊಟ್ಟಿ ಬಡಿದಳು. ಹಂಚಿಗೆ ಹಾಕಿ, ಹಳೆಯ ರೂಢಿಯಂತೆ ಕೈ ತಡೆದಳು. ಓಣಿಯ ಆ ತುದಿಯಲ್ಲಿ ಯಾರೋ ಬಡಿಯುತ್ತಿದ್ದರು. ಗೋಡೆಯ ಆಚೆ ಆಡು ಒಂದು ಸಲ ಕಾಲು ಝಾಡಿಸಿತು. ಹಂಚಿನ ಮೇಲಿನ ರೊಟ್ಟಿ ಕರಿಕಾಗುವ ವಾಸನೆ ಬಂದರೂ ಅವ್ವ ಅದನ್ನು ತಿರುವಿ ಹಾಕಲಿಲ್ಲ.